ನೆಂಟರು ಮಲಗುವ ಕೋಣೆಯಿಂದ ಮೊದಲುಗೊಂಡು

ಯುಗಾದಿಗೆ ಮೊದಲು ಜೇಡರ ಬಲೆ ತೆಗೆದು, ಧೂಳು ಹೊಡೆದು, ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಿ, ಪಾತ್ರೆಪಡಗಗಳನ್ನೆಲ್ಲ ಇಳಿಸಿ ಬೆಳಗುವುದು ತುಮಕೂರು ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಕೆಲಸ. 2025ರಲ್ಲಿ ಹಬ್ಬ ಮಾರ್ಚ್ 30ರ ಭಾನುವಾರ ಬಿದ್ದಿತ್ತು. ಮರುದಿನ ಸೋಮವಾರ ರಂಜಾನ್ ರಜೆ. ಯುಗಾದಿಯ ಮರುದಿನ ಮಾಡುವ ವರ್ಷತೊಡಕಿಗೆಂದು ಯಾರೂ ಬೇರೆ ರಜೆ ಹಾಕಬೇಕಾಗಿರಲಿಲ್ಲವಾದ್ದರಿಂದ, ನಮ್ಮ ಯಜಮಾನರ ಅಕ್ಕ ಬೆಂಗಳೂರಿನಿಂದಲೂ ತಂಗಿ ದಾವಣಗೆರೆಯಿಂದಲೂ ಸಂಸಾರ ಸಮೇತ ಬಂದು ಉಳಿಯುವುದಾಗಿ ಶಿವರಾತ್ರಿಯ ಹೊತ್ತಿಗೇ ಹೇಳಿಬಿಟ್ಟರು. ಮಾವನವರು ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ತವರಿಗೆ ಬರುತ್ತಿದ್ದುದು ಅದೇ ಮೊದಲು. ಹಬ್ಬದ ಅಡುಗೆಯ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಇಷ್ಟು ಜನ ಎಲ್ಲಿ ಮಲಗುತ್ತಾರೆ, ಅವರ ಬಟ್ಟೆಬರೆ ಎಲ್ಲಿಡುತ್ತಾರೆ ಎಂಬುದೇ ಚಿಂತೆಯಾಗಿತ್ತು.

ನಮ್ಮದು ಸೋಮೇಶ್ವರಪುರಂನಲ್ಲಿ ಮಾವನವರು 1986ರಲ್ಲಿ ಕಟ್ಟಿಸಿದ ಮನೆ. ಮುಂದೆ ಹಜಾರ, ಆಚೀಚೆ ಎರಡು ಮಲಗುವ ಕೋಣೆ, ಅಡುಗೆಮನೆ, ದೇವರಮನೆ, ಹಿತ್ತಲ ಬಾಗಿಲಿನ ಪಕ್ಕದಲ್ಲಿ ಅವರು ಓದಿಗೆಂದು ಇಟ್ಟುಕೊಂಡಿದ್ದ ಇನ್ನೊಂದು ಕೋಣೆ. ಆ ಕಾಲದ ಮನೆಗಳಂತೆ ಕೋಣೆಕೋಣೆಗೂ ಬಾಗಿಲ ಮೇಲಿನ ಎತ್ತರದಲ್ಲಿ ಸಿಮೆಂಟಿನ ಸಜ್ಜೆಗಳಿವೆ. ಜಾಗ ಕಡಿಮೆಯೆಂದು ಹೇಳುವಂತಿಲ್ಲ. ಆದರೆ ಮಾವನವರ ಕೋಣೆ ಖಾಲಿಯಾದ ದಿನದಿಂದ, ಮನೆಯಲ್ಲಿ ಎಲ್ಲಿಯೂ ನೆಲೆ ಕಾಣದ ವಸ್ತುವೆಲ್ಲ ಅಲ್ಲಿಗೆ ಹೋಗಿ ಸೇರುತ್ತಿತ್ತು. ಮಂಚದ ಕೆಳಗೆ ಗುಬ್ಬಿಯ ತೋಟದಿಂದ ಬಂದ ತೆಂಗಿನಕಾಯಿ, ಮಂಚದ ಮೇಲೆ ಮಡಿಚಿಟ್ಟ ಹಳೆಯ ಹಾಸಿಗೆಗಳು, ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಮೇಲೆ ಹಳೆಯ ಟಿವಿ, ಮೂಲೆಯಲ್ಲಿ ಅಕ್ಕಿ ರಾಗಿ ಮೂಟೆಗಳು, ಗೋಡೆಯ ಕಪಾಟಿನಲ್ಲಿ ಯಾರದೋ ಗೃಹಪ್ರವೇಶದಲ್ಲಿ ಬಂದ ಉಡುಗೊರೆಯ ಡಬ್ಬಗಳು. ಅಕ್ಕನ ಸಂಸಾರ ಮಲಗಬೇಕಾದದ್ದು ಅದೇ ಕೋಣೆಯಲ್ಲಿ.

ನೆಂಟರು ಬರುತ್ತಾರೆಂದರೆ ನಾವು ಸಾಮಾನ್ಯವಾಗಿ ಹಜಾರದಿಂದ ಕೆಲಸ ಆರಂಭಿಸುತ್ತೇವೆ. ಶೋಕೇಸಿನ ಗಾಜು ಒರೆಸಿ, ಸೋಫಾದ ಹೊದಿಕೆ ಬದಲಿಸಿ, ಪರದೆ ಒಗೆದು, ಅಲ್ಲಿಂದ ಎತ್ತಿದ್ದನ್ನೆಲ್ಲ ಒಳಕೋಣೆಗೆ ಸಾಗಿಸಿ ಬಾಗಿಲು ಹಾಕುತ್ತೇವೆ. ಮನೆಯೇನೋ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಬಂದವರು ಹಜಾರದಲ್ಲಿ ಕುಳಿತು ಕಾಫಿ ಕುಡಿಯುವುದು ಅರ್ಧ ಗಂಟೆ. ಆಮೇಲೆ ಅವರು ಬದುಕಬೇಕಾದದ್ದು ಆ ಒಳಕೋಣೆಯಲ್ಲಿಯೇ. ಚೀಲ ಇಡಲು ಜಾಗವಿಲ್ಲದೆ, ಒದ್ದೆ ಟವೆಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಬೀರು ತೆಗೆಯಲೋ ಬೇಡವೋ ಎಂದು ಸಂಕೋಚಪಡುತ್ತ ಉಳಿಯುವ ನೆಂಟರನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ನಾನೂ ಹಾಗೆ ಉಳಿದಿದ್ದೇನೆ. ಅದರಲ್ಲೂ ತವರಿಗೆ ಬಂದ ಹೆಣ್ಣುಮಕ್ಕಳಿಗೆ ತಾವು ಹುಟ್ಟಿ ಬೆಳೆದ ಮನೆಯಲ್ಲಿ ಒಂದು ಸೀರೆ ನೇತುಹಾಕಲು ಮೊಳೆ ಸಿಗದಿದ್ದರೆ ಆಗುವ ನೋವು ಸಣ್ಣದಲ್ಲ. ಆದ್ದರಿಂದ ಈ ಬಾರಿ ನೆಂಟರು ಮಲಗುವ ಕೋಣೆಯಿಂದ ಮೊದಲುಗೊಂಡು, ಅವರು ಸ್ನಾನ ಮಾಡುವ ಬಚ್ಚಲು, ಅವರು ಸಂಜೆ ಹತ್ತುವ ತಾರಸಿ, ಊಟಕ್ಕೆ ಕೂರುವ ಅಡುಗೆಮನೆ, ಹೀಗೆ ಮುಗಿಸಿ ಹಜಾರವನ್ನು ಕಟ್ಟಕಡೆಗೆ ಬಿಡಬೇಕೆಂದು ನಿಶ್ಚಯಿಸಿದೆ. ಯಜಮಾನರೂ ಒಪ್ಪಿದರು. ಅತ್ತೆಯವರಿಗೆ ಮಾತ್ರ ದೇವರಮನೆ ಬಿಟ್ಟು ಬೇರೆ ಕಡೆಯಿಂದ ಶುರು ಮಾಡುವುದು ಮನಸ್ಸಿಗೆ ಬರಲಿಲ್ಲವಾದ್ದರಿಂದ, ದೇವರಮನೆಯನ್ನು ಮೊದಲು ತೊಳೆದು, ದೀಪ ಹಚ್ಚಿ, ಅನಂತರ ಮಾವನವರ ಕೋಣೆಗೆ ಕಾಲಿಟ್ಟೆವು.

ಹಜಾರದಲ್ಲಿ ದೊಡ್ಡ ಜಮಖಾನ ಹಾಸಿ, ಕೋಣೆಯಿಂದ ಹೊರಬಂದ ಪ್ರತಿಯೊಂದು ವಸ್ತುವನ್ನೂ ಅದರ ಮೇಲೆ ಗುಂಪು ಮಾಡಿದೆವು. ಅದೇ ಕೋಣೆಗೆ ಮರಳಬೇಕಾದವು ಒಂದೆಡೆ, ಮನೆಯ ಬೇರೆ ಕಡೆ ಇರಬೇಕಾದವು ಇನ್ನೊಂದೆಡೆ, ಯಾರಿಗಾದರೂ ಕೊಡಬಹುದಾದವು ಮತ್ತೊಂದೆಡೆ, ಗುಜರಿಗೆ ಹೋಗುವವು ಬಾಗಿಲ ಬಳಿ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಗುಂಪನ್ನೂ ಮಾಡಿದೆವು: ಬೇರೊಬ್ಬರನ್ನು ಕೇಳದೆ ನಿರ್ಧರಿಸಬಾರದ ವಸ್ತುಗಳು. ಅಕ್ಕ ಬಿ.ಎಸ್ಸಿ. ಓದುವಾಗ ಬರೆದ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕಗಳು, ಮದುವೆಗೆ ಮುಂಚೆ ಅವರು ಹಾಕಿದ ಕಸೂತಿಯ ಚೌಕಟ್ಟು, ನಾದಿನಿ ಶಾಲೆಯ ಕೊಕ್ಕೊ ಪಂದ್ಯಗಳಲ್ಲಿ ಗೆದ್ದ ಕಪ್ಪುಗಳು, ಯಜಮಾನರ ಕೇರಂ ಬೋರ್ಡು ಇವೆಲ್ಲ ಆ ಗುಂಪಿಗೆ ಸೇರಿದವು. ಮನೆ ಹಗುರಗೊಳಿಸುವಾಗ ಸೊಸೆಯಾದವಳು ಎಚ್ಚರವಾಗಿರಬೇಕಾದ ಜಾಗ ಇದೇ ಎಂದು ನಾನು ನಂಬುತ್ತೇನೆ. ನನ್ನ ಕಣ್ಣಿಗೆ ಧೂಳು ಹಿಡಿದ ಕಾಗದವಾಗಿ ಕಾಣುವುದು ಈ ಮನೆಯ ಮಗಳಿಗೆ ಏನಾಗಿ ಕಾಣುತ್ತದೆಂದು ಹೇಳುವ ಅಧಿಕಾರ ನನಗಿಲ್ಲ. ಒಂದೊಂದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಉತ್ತರ ಬರುವವರೆಗೆ ಕಾದೆ. ನಾದಿನಿ ಒಂದು ಕಪ್ಪನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಿಡಬಹುದೆಂದಳು. ಅಕ್ಕ ತಕ್ಷಣವೇ ಫೋನ್ ಮಾಡಿ, "ಆ ರೆಕಾರ್ಡ್ ಬುಕ್ಕು ಎಸೀಬೇಡ ಕಣೇ, ಅದರಲ್ಲಿ ಅಪ್ಪ ಬಣ್ಣ ಹಾಕಿಕೊಟ್ಟ ಚಿತ್ರ ಇದಾವೆ," ಎಂದರು. ಪುಟ ತಿರುಗಿಸಿ ನೋಡಿದರೆ ದಾಸವಾಳದ ಅಡ್ಡಸೀಳಿಕೆಗೆ, ಜರಿಗಿಡದ ಎಲೆಗೆ ತೆಳುವಾಗಿ ಬಳಿದ ಬಣ್ಣ ಇನ್ನೂ ಮಾಸಿರಲಿಲ್ಲ; ಗೆರೆಯಾಚೆ ಒಂದು ಹನಿಯೂ ಹೋಗಿರಲಿಲ್ಲ.

ತೆಂಗಿನಕಾಯಿಯ ವಿಷಯವನ್ನು ಬೇಗ ಬಗೆಹರಿಸಬಹುದಿತ್ತು, ಆದರೆ ನಮ್ಮ ಜಿಲ್ಲೆಯಲ್ಲಿ ಅದು ಅಷ್ಟು ಸುಲಭವಲ್ಲ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆಕೊಬ್ಬರಿಯಾಗಬೇಕಾದರೆ ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹಲವು ತಿಂಗಳು, ಹೆಚ್ಚುಕಡಿಮೆ ಒಂದು ವರ್ಷ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ಇಡಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಗಡಗಡ ಉರುಳುವ ಶಬ್ದ ಕೇಳಬೇಕು. ತೋಟದ ಮನೆಗಳಲ್ಲಿ ಅದಕ್ಕೆ ಅಟ್ಟವಿದೆ, ಕೆಳಗೆ ಗಾಳಿಯಾಡುತ್ತದೆ. ಪೇಟೆಯ ಮನೆಯ ಮಂಚದಡಿಯಲ್ಲಿ ಗಾಳಿಯಿಲ್ಲ. ಇಲಿ ಸೇರುತ್ತದೆ, ಚೇಳು ಸೇರುತ್ತದೆ. ಸಣ್ಣ ಮಕ್ಕಳು ಮಲಗುವ ಕೋಣೆಯಲ್ಲಿ ಅವು ಇರಕೂಡದೆಂದು ಹೇಳಿ, ಅಲ್ಲಾಡಿಸಿ ನೋಡಿ ಒಣಗಿದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ಯಜಮಾನರು ತೋಟದ ಮನೆಗೇ ವಾಪಸು ಸಾಗಿಸಿದರು. ಹಬ್ಬಕ್ಕೆ ಬೇಕಾದಷ್ಟು ಕಾಯಿಯನ್ನು ಹಿತ್ತಲ ಮೆಟ್ಟಿಲ ಕೆಳಗಿಟ್ಟೆವು.

ಹಾಸಿಗೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೆಂಟರ ಹಾಸಿಗೆಗಳೆಂದು ಎತ್ತಿಟ್ಟಿದ್ದ ಹತ್ತಿ ಹಾಸಿಗೆಗಳು ವರ್ಷಗಟ್ಟಲೆ ಮಡಿಚಿಟ್ಟದ್ದರಿಂದ ಗಂಟುಗಂಟಾಗಿ, ನಡುವೆ ತೆಳುವಾಗಿ, ಅಂಚಿನಲ್ಲಿ ಉಬ್ಬಿ ನಿಂತಿದ್ದವು. ಇವನ್ನು ಕೊಟ್ಟು ಹೊಸ ಫೋಮ್ ಹಾಸಿಗೆ ತರುವುದೆಂಬ ಮಾತು ಬಂತು. ನಾನು ಒಪ್ಪಲಿಲ್ಲ. ಹತ್ತಿ ಹಾಳಾಗಿರುವುದಿಲ್ಲ, ಬೆವರು, ತೇವ, ಭಾರಗಳಿಂದ ಎಳೆಗಳು ಒಂದಕ್ಕೊಂದು ಅಂಟಿ ಕುಳಿತಿರುತ್ತವೆ, ಅಷ್ಟೆ. ಹಿಂಜಿಸಿದರೆ ಎಳೆಗಳು ಬಿಡಿಸಿಕೊಂಡು, ನಡುವೆ ಗಾಳಿ ತುಂಬಿ, ಅದೇ ಹತ್ತಿ ಮತ್ತೆ ಉಬ್ಬುತ್ತದೆ. ಹಿಂದೆ ಬಿಲ್ಲು ಹಿಡಿದು ಹಿಂಜುವವರು ಬೀದಿಬೀದಿಗೆ ಬರುತ್ತಿದ್ದರು. ಅದರ ತಂತಿಯ ಟಂಯ್ ಟಂಯ್ ಸದ್ದು ನನ್ನ ಬಾಲ್ಯದ ಬೇಸಗೆಗಳಲ್ಲೆಲ್ಲ ಇದೆ. ಈಗ ಗಾಡಿಯ ಮೇಲೆ ಯಂತ್ರವನ್ನೇ ಇಟ್ಟುಕೊಂಡು ಬರುತ್ತಾರೆ. ನಮ್ಮ ಬೀದಿಗೆ ಬರುವವರನ್ನು ಹಿತ್ತಲಿಗೆ ಕರೆಸಿ, ಹೊಲಿಗೆ ಬಿಚ್ಚಿಸಿ, ಹತ್ತಿಯನ್ನು ಮೊದಲು ಎರಡು ಹಗಲು ತಾರಸಿಯ ಬಿಸಿಲಲ್ಲಿ ಹರಡಿ, ಆಮೇಲೆ ಯಂತ್ರಕ್ಕೆ ಕೊಟ್ಟೆವು. ಹಿಂಜುವಾಗ ಏಳುವ ಧೂಳು ಬಹಳ. ಉಬ್ಬಸ ಇರುವವರು ಆ ಹೊತ್ತಿನಲ್ಲಿ ಮನೆಯಿಂದ ದೂರ ಇರುವುದು ಒಳ್ಳೆಯದೆಂದು ಅತ್ತೆಯವರನ್ನು ಪಕ್ಕದ ಮನೆಗೆ ಕಳಿಸಿದೆವು. ಪಟ್ಟೆಪಟ್ಟೆಯ ದಪ್ಪ ಬಟ್ಟೆಯನ್ನು ಹೊಸದಾಗಿ ಹೊಲಿಸಿ, ಸ್ವಲ್ಪ ಹೊಸ ಅರಳೆ ಸೇರಿಸಿ ತುಂಬಿ, ಅಲ್ಲಲ್ಲಿ ದಪ್ಪ ದಾರದಿಂದ ಗುಂಡಿ ಹಾಕಿದಂತೆ ಹೊಲಿದು ಮುಗಿಸಿದಾಗ, ಮೊದಲು ಕೈಯಲ್ಲಿ ಒತ್ತಿದರೆ ನೆಲ ಸಿಗುತ್ತಿದ್ದ ಹಾಸಿಗೆ ಈಗ ಗೇಣುದ್ದ ಎದ್ದು ನಿಂತಿತ್ತು. ಅತಿಥಿಗಾಗಿ ಮಾಡಿದ ಖರ್ಚಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದು.

ಮಾವನವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅವರ ಕಬ್ಬಿಣದ ಟ್ರಂಕಿನ ತುಂಬ ಕಾಗದ. ಅದನ್ನು ಧೂಳು ಹೊಡೆಯುವ ಭರದಲ್ಲಿ ಮುಟ್ಟಬಾರದೆಂದು ತೀರ್ಮಾನಿಸಿ, ಊಟವಾದ ಮೇಲಿನ ಹೊತ್ತಿನಲ್ಲಿ, ಯಜಮಾನರೂ ಅತ್ತೆಯವರೂ ಜೊತೆಗಿದ್ದಾಗ ಮಾತ್ರ ತೆರೆದೆವು. ಹಳೆಯ ಕರೆಂಟ್ ಬಿಲ್ಲುಗಳು, ಮುಗಿದುಹೋದ ಚಂದಾ ರಸೀದಿಗಳು, ಪಂಚಾಂಗಗಳ ರಾಶಿ ಹೊರಬಂದವು. ಬಿಲ್ಲುಗಳನ್ನು ಹರಿದು ಹಾಕಲು ಯೋಚಿಸಬೇಕಾಗಲಿಲ್ಲ. ಆದರೆ ಮನೆ ಕಂದಾಯದ ರಸೀದಿಗಳು, ನಿವೇಶನದ ಕ್ರಯಪತ್ರ, ಕಟ್ಟಡದ ಪರವಾನಗಿ ಇವನ್ನು ವರ್ಷವಾರು ಜೋಡಿಸಿ ಒಂದು ಕಡತ ಮಾಡಿದೆವು. ಇ-ಖಾತೆ ಮಾಡಿಸುವವರಿಗೆ ಇಂಥ ಹಳೆಯ ಕಾಗದಗಳು ಎಷ್ಟು ಅಗತ್ಯವೆಂದು ಓಡಾಡಿದವರಿಗೆ ಗೊತ್ತು. ಅತ್ತೆಯವರ ಕುಟುಂಬ ಪಿಂಚಣಿಗೆ ಆಧಾರವಾದ ಪಿಂಚಣಿ ಆದೇಶದ ಮೂಲ ಪ್ರತಿ ಒಂದು ಲಗ್ನಪತ್ರಿಕೆಯ ಕವರಿನೊಳಗೆ ಸಿಕ್ಕಿತು. ಕವರುಗಳನ್ನು ತೆರೆದು ನೋಡದೆ ಗುಜರಿಗೆ ಹಾಕಬಾರದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ. ಇನ್ನೊಂದು ಕವರಿನಲ್ಲಿ 2016ರ ನವೆಂಬರ್ 8ರಂದು ರದ್ದಾದ ಐನೂರರ ಎರಡು ನೋಟುಗಳಿದ್ದವು, ಯಾರದೋ ಮದುವೆಯ ಮುಯ್ಯಿಗೆಂದು ಹೆಸರು ಬರೆದು ಇಟ್ಟದ್ದು. ಅಂಥ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯಂತೆ ಅಪರಾಧ. ಎರಡೇ ಆದ್ದರಿಂದ ಮಾವನವರ ಕೈಬರಹ ಇರುವ ಆ ಕವರಿನಲ್ಲಿಯೇ ಉಳಿಸಿಕೊಂಡೆವು.

ಲಗ್ನಪತ್ರಿಕೆ, ಕ್ಯಾಲೆಂಡರು, ಗಾಜು ಒಡೆದ ದೇವರ ಪಟಗಳದ್ದು ಪ್ರತಿ ಮನೆಯ ತೊಡಕು. ದೇವರ ಚಿತ್ರವಿರುವುದರಿಂದ ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಕೊನೆಗೆ ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅರಳಿಕಟ್ಟೆಯ ಬುಡದಲ್ಲಿ ಇಟ್ಟುಬರುತ್ತೇವೆ. ನಮ್ಮೂರಿನ ಅರಳಿಕಟ್ಟೆಗಳ ಸುತ್ತ ಒಡೆದ ಗಾಜು, ತುಕ್ಕು ಹಿಡಿದ ಚೌಕಟ್ಟು, ಮಳೆಯಲ್ಲಿ ನೆನೆದು ಮುದ್ದೆಯಾದ ಪಟಗಳು ಬಿದ್ದಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಗೌರವವಲ್ಲ, ನಮ್ಮ ಭಾರವನ್ನು ನಾಗರಕಲ್ಲಿನ ಮೇಲೆ ಹೊರಿಸಿ ಬರುವುದು. ಅತ್ತೆಯವರೊಡನೆ ಮಾತಾಡಿ, ಚೌಕಟ್ಟು ಬಿಚ್ಚಿ, ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ 'ಗಾಜು' ಎಂದು ಬರೆದು ಒಣಕಸದ ಜೊತೆ ಕಸದ ಗಾಡಿಯವರ ಕೈಗೇ ಕೊಟ್ಟೆವು. ಚಿತ್ರದ ಹಾಳೆಗಳನ್ನು ನೀರಿನಲ್ಲಿ ನೆನೆಸಿ, ಹಿತ್ತಲ ತೆಂಗಿನಮರದ ಪಾತಿಯಲ್ಲಿ ಗುಂಡಿ ತೆಗೆದು, ಅತ್ತೆಯವರೇ ಅರಿಶಿನ ಕುಂಕುಮ ಹಾಕಿ ಕೈಮುಗಿದ ಮೇಲೆ ಮಣ್ಣು ಮುಚ್ಚಿದೆವು. ಪ್ಲಾಸ್ಟಿಕ್ ಹೊಳಪಿನ ಲೇಪವಿರುವ ಪತ್ರಿಕೆಗಳು ಮಣ್ಣಿನಲ್ಲಿ ಕರಗುವುದಿಲ್ಲವಾದ್ದರಿಂದ, ಅವುಗಳಿಂದ ದೇವರ ಚಿತ್ರದ ಭಾಗವನ್ನು ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಒಣಕಸಕ್ಕೆ ಹಾಕಿದೆವು.

ಅಡುಗೆಮನೆಯ ಸಜ್ಜೆಯ ಮೇಲಿನ ಹಿತ್ತಾಳೆ, ತಾಮ್ರದ ಪಾತ್ರೆಗಳ ಹೊತ್ತಿಗೆ ಅತ್ತೆಯವರಿಗೂ ನನಗೂ ಮಾತು ಬೆಳೆಯಬಹುದಿತ್ತು. ಹತ್ತಾರು ವರ್ಷ ಇಳಿಯದ ಕೊಳದಪ್ಪಲೆ, ಹಂಡೆ, ತಪ್ಪಲೆಗಳನ್ನು ಕೊಟ್ಟು ಹೊಸ ಸ್ಟೀಲ್ ಪಾತ್ರೆ ತರುವುದು ಅನೇಕ ಮನೆಗಳಲ್ಲಿ ನಡೆದಿದೆ. ಅವರು ಮುಂಚಿತವಾಗಿಯೇ, "ಕಾಸು ಕೊಟ್ಟರೂ ಇಂಥ ತಪ್ಪಲೆ ಈಗ ಎಲ್ಲಿ ಸಿಗುತ್ತಮ್ಮ? ಗುಜರಿಯವರು ತೂಕ ನೋಡ್ತಾರೆ, ಪಾತ್ರೆ ನೋಡಲ್ಲ," ಎಂದರು. ಆ ಮಾತು ನ್ಯಾಯವಾಗಿತ್ತು. ಅವರಿಗೆ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಪಾತ್ರೆಯನ್ನು ಇಳಿಸಿ ಮುಂದಿಟ್ಟು, ಇದು ಯಾವಾಗ ಬಂತು, ಇದರಲ್ಲಿ ಏನು ಮಾಡುತ್ತಿದ್ದಿರಿ, ಈಗ ಮತ್ತೆ ಒಲೆಗೇರಿಸುವಂಥದ್ದೇ ಎಂದು ಕೇಳುತ್ತ ಹೋದೆ. ಹಾಗೆ ಕೇಳಿದಾಗ ಅವರಾಗಿಯೇ ಬಿರುಕು ಬಿಟ್ಟ ಹಂಡೆಯನ್ನೂ ತಳ ತೂತಾದ ಎರಡು ಪಾತ್ರೆಗಳನ್ನೂ ಪಕ್ಕಕ್ಕೆ ಸರಿಸಿದರು. ತವರಿನಿಂದ ಬಂದ ದೊಡ್ಡ ಹಿತ್ತಾಳೆ ತಪ್ಪಲೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ವರ್ಷತೊಡಕಿನ ಮಟನ್ ಸಾರು ಇದರಲ್ಲೇ ಆಗಬೇಕೆಂದರು.

ಹುಳಿ ಬೀಳುವ ಅಡುಗೆಯನ್ನು ಬರಿಯ ಹಿತ್ತಾಳೆಯಲ್ಲಿ ಮಾಡಿದರೆ ತಾಮ್ರ ಕರಗಿ ಸಾರು ಕಿಲುಬುತ್ತದೆ, ಆರೋಗ್ಯಕ್ಕೂ ಕೆಡಕು. ಆದ್ದರಿಂದ ಒಳಗೆ ಕಲಾಯಿ, ಅಂದರೆ ತವರ ಎಂಬ ಲೋಹದ ತೆಳು ಲೇಪ, ಇರಲೇಬೇಕು. ಕಲಾಯಿ ಹಾಕುವವರು ಈಗ ಬೀದಿಗೆ ಬರುವುದು ಕಡಿಮೆ. ಮಂಡಿಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ವಿಚಾರಿಸಿ ಹುಡುಕಿದ ಕುಶಲಿಗರು ಬಂದು, ಹಿತ್ತಲಲ್ಲಿ ಇದ್ದಿಲ ಒಲೆ ಹೂಡಿ, ತಪ್ಪಲೆಯನ್ನು ಕಾಯಿಸಿದರು. ಅದರೊಳಗೆ ನವಸಾಗರದ ಪುಡಿ ಎರಚಿದೊಡನೆ ಬಿಳಿಯ ಹೊಗೆ ಗಮ್ಮನೆ ಎದ್ದು, ಲೋಹದ ಮೇಲಿನ ಕಿಲುಬು ಕಳಚಿಹೋಯಿತು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವ ಲೋಹ. ಕಾದ ತಳಕ್ಕೆ ತವರದ ಕಡ್ಡಿಯನ್ನು ಒಂದಿಷ್ಟು ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸುತ್ತಲೂ ಸರಸರನೆ ಒರೆಸಿದಂತೆ, ಕಂದು ಹಿಡಿದ ಒಳಮೈ ಕಣ್ಣೆದುರಿಗೇ ಬೆಳ್ಳಗೆ ಬೆಳಗಿತು. ಹೊರಮೈಯನ್ನು ಅತ್ತೆಯವರು ಹುಣಸೆಹಣ್ಣು, ಉಪ್ಪು ಹಾಕಿ ತಾವೇ ಬೆಳಗಿದರು. ಆ ತಪ್ಪಲೆ ಈಗ ಸಜ್ಜೆಯ ಮೇಲಿಲ್ಲ, ಅಡುಗೆಮನೆಯ ಕೆಳಗಿನ ಕಟ್ಟೆಯಲ್ಲಿದೆ. ಬಳಕೆಯಲ್ಲಿರುವ ದೊಡ್ಡ ಪಾತ್ರೆ ಕೈಗೆ ಸಿಗುವ ಎತ್ತರದಲ್ಲಿರಬೇಕು. ಏಣಿ ಹತ್ತಿ ತೆಗೆಯಬೇಕಾದದ್ದನ್ನು ಯಾರೂ ಬಳಸುವುದಿಲ್ಲ.

ಕಣದ ಬಟ್ಟೆಗಳ ಡ್ರಾಯರು, ಉಡುಗೊರೆಯ ಪ್ಲಾಸ್ಟಿಕ್ ಬುಟ್ಟಿಗಳು ಇವುಗಳ ಬಗ್ಗೆ ಹೆಚ್ಚು ಹೇಳಲಾರೆ. ಅರಿಶಿನ ಕುಂಕುಮಕ್ಕೆ ಬಂದ ಕಣಗಳಲ್ಲಿ ರವಿಕೆಗೆ ಸಾಲುವಷ್ಟು ಅಳತೆಯಿರುವವನ್ನು ಉಳಿಸಿ, ತುಂಡುಗಳನ್ನೆಲ್ಲ ಹೊಲಿಗೆ ಕಲಿಯುತ್ತಿರುವ ಪಕ್ಕದ ಬೀದಿಯ ಹುಡುಗಿಗೆ ಕೊಟ್ಟೆ. ಬೀರುವಿನ ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರುಗಳಿಂದ ಬಿಡಿಸಿ, ಮಡಿಕೆ ಬದಲಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದೆ. ನುಸಿಗುಳಿಗೆ ಜರಿಗೆ ತಾಗಕೂಡದೆಂದು ಅದರ ಬದಲು ಬಜೆಬೇರಿನ ಗಂಟು ಇಟ್ಟೆ. ಔಷಧಿ ಡಬ್ಬದಲ್ಲಿ ಅವಧಿ ಮುಗಿದ ಮಾತ್ರೆಗಳೇ ಹೆಚ್ಚಿದ್ದವು. ಮಕ್ಕಳು ಬರುವ ಮನೆಯಲ್ಲಿ ಅವು ಕೈಗೆ ಸಿಗುವಂತಿರಬಾರದಾದ್ದರಿಂದ, ಅವನ್ನು ಬೇರೆಯಾಗಿ ಕಟ್ಟಿ ಕಸದ ಗಾಡಿಯವರಿಗೆ ತಿಳಿಸಿಯೇ ಕೊಟ್ಟೆವು.

ಬಚ್ಚಲ ಟೈಲ್ಸಿನ ಮೇಲೆ ಬೋರ್‌ವೆಲ್ ನೀರಿನ ಬಿಳಿಯ ಉಪ್ಪು ಗಟ್ಟಿಯಾಗಿ ಕೂತಿತ್ತು. ಇಂಥ ಕಡೆ ಜನ ಆತುರದಲ್ಲಿ ಆ್ಯಸಿಡ್ಡಿನ ಜೊತೆಗೇ ಬ್ಲೀಚಿಂಗ್ ಪುಡಿಯನ್ನೂ ಸುರಿಯುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಸಣ್ಣದಾದ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ. ನಿಂಬೆಹಣ್ಣಿನ ಹೋಳು ತಿಕ್ಕಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ನಲ್ಲಿಯ ಉಪ್ಪು ಹೋಗುತ್ತದೆ, ತಡವಾದರೂ ಚಿಂತೆಯಿಲ್ಲ. ಬಚ್ಚಲಲ್ಲಿ ನಾವು ಮಾಡಿದ ಮುಖ್ಯ ಕೆಲಸ ತೊಳೆದದ್ದಲ್ಲ. ನಮ್ಮ ಶಾಂಪೂ, ಬ್ರಷ್ಷು, ಅರೆಬರೆ ಖಾಲಿಯಾದ ಬಾಟಲಿಗಳನ್ನೆಲ್ಲ ತೆಗೆದು ಒಂದು ಅಡ್ಡಹಲಗೆಯನ್ನು ಪೂರ್ತಿ ಖಾಲಿ ಬಿಟ್ಟದ್ದು. ನೆಂಟರಿದ್ದಾಗ ನೀರಿನ ಖರ್ಚು ಹೆಚ್ಚುತ್ತದೆಯೆಂದು ಸಂಪನ್ನೂ ತೊಳೆಸಿದೆವು. ಬುಗುಡನಹಳ್ಳಿ ಕೆರೆಗೆ ಬಂದು ಸೇರುವ ಹೇಮಾವತಿ ನೀರೇ ನಮ್ಮ ನಲ್ಲಿಗೆ ಬರುವುದು. ಅದು ಬಿಡುವ ಹಿಂದಿನ ದಿನ, ಸಂಪಿನ ನೀರು ತಳ ಕಂಡಾಗ ತೊಳೆಸಿದ್ದರಿಂದ ಒಂದು ಬಿಂದಿಗೆ ನೀರೂ ವ್ಯರ್ಥವಾಗಲಿಲ್ಲ.

ತಾರಸಿಯನ್ನು ಹೆಚ್ಚಿನವರು ನೆಂಟರ ಲೆಕ್ಕದಲ್ಲಿ ಸೇರಿಸುವುದಿಲ್ಲ. ಆದರೆ ಯುಗಾದಿಯಲ್ಲಿ ಚಂದ್ರದರ್ಶನಕ್ಕೆ ಮನೆಮಂದಿಯೆಲ್ಲ ಹತ್ತುವುದು ಅಲ್ಲಿಗೇ; ಮಕ್ಕಳು ಮುಂದೆ ಓಡುತ್ತಾರೆ, ಹಿರಿಯರು ಮಬ್ಬುಗತ್ತಲಲ್ಲಿ ಮೆಟ್ಟಿಲು ಹಿಡಿದು ಬರುತ್ತಾರೆ. ನಮ್ಮ ತಾರಸಿಯ ಮೇಲೆ ಮುರಿದ ಕುರ್ಚಿ, ಬಣ್ಣದ ಖಾಲಿ ಡಬ್ಬ, ಸ್ಕೂಟರಿನ ಹಳೆಯ ಟೈರು, ಒಡೆದ ಹೂಕುಂಡಗಳಿದ್ದವು. ಕಾಲಿಗೆ ಎಡವುವುದಷ್ಟೇ ಅಲ್ಲ, ಇವೆಲ್ಲ ಸೊಳ್ಳೆಯ ಮನೆಗಳು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳು ಒಣಗಿದ ಡಬ್ಬದಲ್ಲಿಯೂ ತಿಂಗಳುಗಟ್ಟಲೆ ಸಾಯದೆ ಉಳಿದು, ಮೊದಲ ಮಳೆಯ ನೀರು ಬಿದ್ದೊಡನೆ ಒಡೆಯುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಯವರಿಗೆ ದಂಡವನ್ನೂ ಗೊತ್ತುಪಡಿಸಿದೆ. ಏಪ್ರಿಲಿನ ಮಳೆಗೆ ಮುಂಚೆ, ಅಂದರೆ ಯುಗಾದಿಯ ಹೊತ್ತಿಗೆ, ತಾರಸಿ ತೆರವಾಗುವುದು ಎಲ್ಲ ರೀತಿಯಿಂದಲೂ ಸರಿಯಾದ ಕಾಲ. ಗುಜರಿಯವರು ಇವನ್ನೂ ಹಳೆಯ ಟಿವಿಯನ್ನೂ ಒಟ್ಟಿಗೆ ಕೇಳಿದರು. ಟಿವಿಯ ಗಾಜಿನ ಕೊಳವೆಯಲ್ಲಿ ಸೀಸವಿರುವುದರಿಂದ ಅದನ್ನು ಒಡೆದು ಬಿಸಾಡುವವರಿಗೆ ಕೊಡದೆ, ಹೊಸ ಟಿವಿ ಕೊಂಡ ಅಂಗಡಿಯವರು ಹಳೆಯದನ್ನು ವಾಪಸು ಪಡೆಯುವ ವ್ಯವಸ್ಥೆಗೆ ಒಪ್ಪಿಸಿದೆವು.

ಹಜಾರಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಒಳಗಿನ ಕೋಣೆಗಳಲ್ಲಿ ಜಾಗವಾಗಿದ್ದರಿಂದ ಹಜಾರದಿಂದ ಎತ್ತಿದ ವಸ್ತುಗಳಿಗೆ ಈಗ ಹೋಗಲು ನೆಲೆಯಿತ್ತು, ಯಾವುದನ್ನೂ ಅವಿತಿಡಬೇಕಾಗಲಿಲ್ಲ.

ಹಬ್ಬದ ಹಿಂದಿನ ಸಂಜೆ ಮಾವನವರ ಕೋಣೆ ಹೀಗಿತ್ತು: ಮಂಚದ ಮೇಲೆ ಹಿಂಜಿಸಿದ ಹಾಸಿಗೆ, ಪಕ್ಕದಲ್ಲಿ ನೆಲಕ್ಕೆ ಹಾಸಲು ಇನ್ನೊಂದು ಸುರುಳಿ, ಗೋಡೆಯ ಕಪಾಟಿನಲ್ಲಿ ಮೇಲಿನ ಎರಡು ಅಂತಸ್ತು ಖಾಲಿ, ಬಾಗಿಲ ಹಿಂದೆ ಹೊಸದಾಗಿ ಹೊಡೆಸಿದ ಕೊಕ್ಕೆಗಳ ಸಾಲು, ಮಂಚದ ತಲೆದೆಸೆಗೆ ಎಕ್ಸ್‌ಟೆನ್ಷನ್ ಬೋರ್ಡು, ಕಿಟಕಿಯ ಕಟ್ಟೆಯಲ್ಲಿ ನೀರಿನ ಜಗ್ಗು. ಮೇಜಿನ ಮೇಲೆ ಅಕ್ಕನ ರೆಕಾರ್ಡ್ ಪುಸ್ತಕಗಳನ್ನಿಟ್ಟಿದ್ದೆ. ಬಂದವರು ಚೀಲ ಇಳಿಸಿದ ಹತ್ತು ನಿಮಿಷದಲ್ಲಿ ಬಟ್ಟೆಗಳೆಲ್ಲ ಕಪಾಟು ಸೇರಿದವು, ಟವೆಲುಗಳು ಕೊಕ್ಕೆ ಸೇರಿದವು. ಅಕ್ಕನ ಮಗ, "ಅತ್ತೆ, ಚಾರ್ಜರ್ ಎಲ್ಲಿ ಹಾಕಲಿ?" ಎಂದು ಕೇಳಲು ಬಾಯಿ ತೆರೆದವನು ಬೋರ್ಡು ಕಂಡು ಸುಮ್ಮನಾದ. ಭಾನುವಾರ ಸಂಜೆ ತಾರಸಿಯಲ್ಲಿ ಎಳೆಯ ಚಂದ್ರನನ್ನು ನೋಡಿದೆವು. ಮರುದಿನದ ರಂಜಾನ್ ಹಬ್ಬವನ್ನು ಗೊತ್ತುಮಾಡಿದ ಚಂದ್ರನೂ ಅದೇ. ಅತ್ತೆಯವರಿಗೆ ಅಲ್ಲಿ ಕೂರಲು ಕುರ್ಚಿ ಹಾಕುವಷ್ಟು ಜಾಗವಿತ್ತು. ಸೋಮವಾರ ತಪ್ಪಲೆಯ ಸಾರು ಅಕ್ಕಪಕ್ಕದ ಮನೆಗಳಿಗೂ ಹೋಯಿತು.

ಹೊರಡುವ ದಿನ ಅಕ್ಕ ರೆಕಾರ್ಡ್ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡರು. ಅವರ ಎರಡು ಹತ್ತಿ ಸೀರೆಗಳು ಮಾತ್ರ ಕಪಾಟಿನಲ್ಲೇ ಇದ್ದವು. ಮರೆತಿರಬೇಕೆಂದು ತೆಗೆದುಕೊಡಲು ಹೋದರೆ, "ಇರಲಿ ಬಿಡು, ಗೌರಿ ಹಬ್ಬಕ್ಕೆ ಬಂದಾಗ ಉಡೋಕೆ ಆಗುತ್ತೆ," ಎಂದರು. ಆ ಎರಡು ಅಂತಸ್ತುಗಳಲ್ಲಿ ಬೇರೇನೂ ಇಡಕೂಡದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಇನ್ನು ಉಳಿದಿರುವುದು ನಮ್ಮ ಕೋಣೆಯ ಸಜ್ಜೆ. ಅದರ ಮೇಲೆ ಮಕ್ಕಳ ತೊಟ್ಟಿಲು, ನನ್ನ ತವರಿನಿಂದ ಬಂದ ಟ್ರಂಕು, ನಾನೇ ಇಟ್ಟು ವರ್ಷಗಳಾದ ಹಲವು ಗಂಟುಗಳಿವೆ. ಅದನ್ನು ಇಳಿಸಲು ಭಾದ್ರಪದದ ಮಳೆಗೆ ಮೊದಲು, ಬಿಸಿಲು ಇನ್ನೂ ಗಟ್ಟಿಯಾಗಿರುವ ಮೇ ತಿಂಗಳಿನಲ್ಲೇ ಒಂದು ಭಾನುವಾರವನ್ನು ಗೊತ್ತುಮಾಡಿದ್ದೇವೆ. ನಾದಿನಿಯೂ ಮಕ್ಕಳ ಬೇಸಗೆ ರಜೆಯಲ್ಲಿ ಬಂದು ಕೈಜೋಡಿಸುವುದಾಗಿ ಹೇಳಿದ್ದಾಳೆ.